ರೊಪ್ಪದೊಳಗೆ ನಿಂತ ಲಾರಿ

ಮೂಗಿಗೆ ಒತ್ತಿ ಹಿಡಿದ ಟವೆಲ್ಲನ್ನು ತೆಗೆಯದೆಯೇ ಮಾತಾಡಿದ ಪೆಟ್ರೋಲ್ ಬಂಕಿನವನ ಮೇಲೆ ಪಾಲಣ್ಣನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಂದದ್ದು ಒಂದು ಬಗೆಯ ಒಪ್ಪಿಗೆ: ಅವನು ಹೇಳುವುದು ಸರಿಯೇ, ಅವನ ಜಾಗದಲ್ಲಿ ತಾನಿದ್ದರೂ ಹೀಗೇ ಹೇಳುತ್ತಿದ್ದೆ. ಎಲ್ಲರ ಮಾತಿಗೂ ಹೀಗೆ ಒಳಗೊಳಗೇ ತಲೆಯಾಡಿಸುತ್ತ ಬಂದದ್ದರಿಂದಲೇ ತನ್ನ ಕತ್ತು ಬಾಗಿದೆ, ಸ್ಟೇರಿಂಗ್ ಹಿಡಿದದ್ದರಿಂದಲ್ಲ ಎಂದು ಅವನಿಗೆ ಆಗಾಗ ಅನ್ನಿಸುವುದುಂಟು. “ಬ್ಯಾಡ ಕಣಪ್ಪ,” ಎಂದ ಬಂಕಿನವನು ಟವೆಲ್ಲಿನೊಳಗಿಂದ. “ಹೋದ ಸಲ ನಿಲ್ಲಿಸ್ಕಂಡಿದ್ದಕ್ಕೆ ಬೆಳಿಗ್ಗೆ ಬಂಕೆಲ್ಲ ಪುಕ್ಕ. ಸಾವ್ಕಾರ್ರು ನನ್ ಕೈಲೇ ಗುಡಿಸಿದ್ರು. ನೀರು ಬೇಕಾದ್ರೆ ಎಷ್ಟಾರ ಹೊಯ್ಕ, ಗಾಡಿ ಮಾತ್ರ ಇಲ್ಲಿ ಬ್ಯಾಡ.” ಪಾಲಣ್ಣ ಬಕೆಟ್ಟಿನಲ್ಲಿ ನೀರು ತಂದು, ಲಾರಿಯ ಪಕ್ಕದ ಹಲಗೆ ಹತ್ತಿ, ಪಂಜರಗಳ ಮೇಲೆ ಚಿಮುಕಿಸಿದ. ಬಿದಿರಿನ ಪಂಜರಗಳ ತುಂಬ ಹುಬ್ಬಳ್ಳಿಗೆ ಹೋಗಬೇಕಾದ ಬಿಳಿಯ ಫಾರಂ ಹುಂಜಗಳು ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದು ಏದುತ್ತಿದ್ದವು. ನೀರು ಬಿದ್ದಾಗ ಒಂದಿಷ್ಟು ಗದ್ದಲ ಮಾಡಿ ಮತ್ತೆ ಬಾಯಿ ತೆರೆದವು. ಬಂಕಿನ ಗೋಡೆಯ ಮೇಲೆ ಮೊನ್ನೆ ಮೊನ್ನೆ ಮುಗಿದ ಚುನಾವಣೆಯ ಬರಹಗಳು ಸುಣ್ಣದ ಕೆಳಗಿಂದ ಇನ್ನೂ ಇಣುಕುತ್ತಿದ್ದವು. ಸೂರ್ಯ ಹೊಸದುರ್ಗದ ಕಡೆ ಇಳಿಯುತ್ತಿದ್ದ, ಪಾಲಣ್ಣನ ಲಾರಿಗೆ ದೀಪವಿರಲಿಲ್ಲ.

ಶಿರಾ ದಾಟುತ್ತಿದ್ದಂತೆ ಬಾನೆಟ್ಟಿನೊಳಗಿಂದ ಕಮಟು ವಾಸನೆ ಬಂದು, ಇಳಿದು ನೋಡಿದರೆ ಹೆಡ್‌ಲೈಟಿನ ವೈರುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿರಿಯೂರಿನಲ್ಲಿ ಅದನ್ನು ಸರಿಮಾಡುವವನು ಯಾರದೋ ತಿಥಿಗೆಂದು ಅಂಗಡಿಗೆ ಬೀಗ ಹಾಕಿಕೊಂಡು ಹೋಗಿದ್ದ. ಇನ್ನು ದುರ್ಗವೇ ಗತಿ, ಅದೂ ಬೆಳಗಾದ ಮೇಲೆ. ಅದಕ್ಕೇನಂತೆ, ರಸ್ತೆ ಪಕ್ಕ ಎಲ್ಲಾದರೂ ಹಾಕಿ ಮಲಗಿದರಾಯಿತಲ್ಲ ಎನ್ನಬಹುದು, ಲಾರಿಯವರ ಬದುಕು ಗೊತ್ತಿಲ್ಲದವರು. ಹೋದ ತಿಂಗಳು ಹಾಗೇ ಮಲಗಿದ್ದ. ಬೆಳಿಗ್ಗೆ ಎದ್ದಾಗ ಹಗ್ಗ ಕೊಯ್ದಿತ್ತು, ಹಿಂದಿನ ಸಾಲಿನ ಪಂಜರಗಳಿರಲಿಲ್ಲ. ಬೆಂಗಳೂರಿಗೆ ಮರಳಿ ವಿಷಯ ಹೇಳಿದಾಗ ಲಾರಿ ಮಾಲೀಕ ಶಿವಕುಮಾರಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಪಾಲಣ್ಣನ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಈಸಿಕೊಂಡು, ಮುಚ್ಚಳ ತೆಗೆದು, ಮೂಸಿ ನೋಡಿ, ಮತ್ತೆ ಮುಚ್ಚಿ ಅವನ ಕೈಗೇ ಕೊಟ್ಟರು. ಒಳಗಿದ್ದದ್ದು ಒಣಗಿದ ಮುದ್ದೆ, ಒಂದು ಚೂರು ಉಪ್ಪಿನಕಾಯಿ. “ಇನ್ನೊಂದು ಪಂಜರ ಹೋಯ್ತು ಅಂದ್ರೆ ಬೀಗದಕೈ ಈ ಟೇಬಲ್ ಮೇಲಿಟ್ಟು ಊರಿಗೆ ಹೋಗಿಬಿಡು, ಪಾಲಣ್ಣ,” ಎಂದರು, ಮನೆಯ ಮಗನಿಗೆ ಹೇಳುವಷ್ಟು ಮೃದುವಾಗಿ. ಕ್ಲೀನರನನ್ನು ಅವತ್ತೇ ಬಿಡಿಸಿದರು. ಇಬ್ಬರಿದ್ದರೆ ಮಾರಿಕೊಳ್ಳುವುದು ಸುಲಭ, ಒಬ್ಬನಿಗೆ ಕಷ್ಟ ಎಂದು ಅವರ ಎಣಿಕೆ. ಡಬ್ಬಿ ಮೂಸಿದ ಆ ಮೂಗು ಈ ತಿಂಗಳೆಲ್ಲ ಪಾಲಣ್ಣನ ಪಕ್ಕದ ಸೀಟಿನಲ್ಲಿ ಕೂತು ಪ್ರಯಾಣ ಮಾಡಿತ್ತು. ಹೀಗಾಗಿ ಅವನಿಗೆ ಇವತ್ತು ಬೇಕಾಗಿದ್ದದ್ದು ನಾಲ್ಕು ಜನ ಇರುವ ಜಾಗ, ತಾನು ಕಣ್ಣು ಮುಚ್ಚಿದಾಗ ತೆರೆದಿರುವ ಇನ್ನೊಬ್ಬರ ಕಣ್ಣು. ಅದಿಲ್ಲದಿದ್ದರೆ ಕೆಲಸ ಇಲ್ಲ.

ಬಂಕು ಬಿಟ್ಟರೆ ಲಾಲ್ ಸಾಬರ ಹೋಟೆಲ್ಲಿನ ಹಿತ್ತಲು. ಎತ್ತರದ ಗೋಡೆ, ಕಬ್ಬಿಣದ ಗೇಟು. ಎಷ್ಟೋ ರಾತ್ರಿ ಅಲ್ಲಿ ಲಾರಿ ಹಾಕಿ ಸೀಟಿನ ಮೇಲೆ ಕಾಲು ಚಾಚಿದ್ದಿತ್ತು. ಆದರೆ ಇವತ್ತು ಗೇಟಿನ ತುಂಬ ಕಾಗದದ ಮಾಲೆ, ಹಿತ್ತಲ ತುಂಬ ಶಾಮಿಯಾನ. ನಾಳೆ ಲಾಲ್ ಸಾಬರ ಮಗಳ ಮದುವೆ. ಲಾರಿ ನಿಲ್ಲುತ್ತಿದ್ದಂತೆ ಅಡುಗೆಯವನೊಬ್ಬ, “ಕೋಳಿ ಗಾಡಿ ಬಂತು, ಇಷ್ಟೊತ್ತಾ ಮಾಡೋದು,” ಎಂದು ಗೊಣಗುತ್ತ ಟಯರಿನ ಮೇಲೆ ಕಾಲಿಟ್ಟು ಹತ್ತಿ, ಪಂಜರದೊಳಗೆ ಕೈ ತೂರಿಸಿ ಒಂದು ಹುಂಜದ ಎದೆ ಹಿಸುಕಿ ನೋಡಿದ. ಅದು ನಿಮ್ಮದಲ್ಲ ಎಂದು ಹೇಳುವುದು ಒಂದು ಮಾತಿನ ಕೆಲಸ. ಪಾಲಣ್ಣ ಹೇಳಲಿಲ್ಲ. ಅಡುಗೆಯವನಿಗೆ ಅನುಕೂಲವಾಗಲೆಂದು ಹಗ್ಗವನ್ನು ಒಂದಿಷ್ಟು ಮೇಲೆತ್ತಿ ಹಿಡಿದುಕೊಂಡು ನಿಂತ! ಆ ಹೊತ್ತಿನಲ್ಲಿ ತಾನು ಯಾರು, ಹುಂಜಗಳು ಯಾರವು ಎನ್ನುವುದೇ ಅವನಿಗೆ ಮಸುಕಾದಂತಿತ್ತು; ಎದುರಿಗಿದ್ದವನ ಧ್ವನಿಯಲ್ಲಿ ನಂಬಿಕೆ ಇತ್ತು, ತನ್ನೊಳಗೆ ಇರಲಿಲ್ಲ, ಅಷ್ಟೆ. ಲಾಲ್ ಸಾಬರು ಓಡಿಬಂದು ಅಡುಗೆಯವನನ್ನು ಗದರಿಸಿ ಇಳಿಸಿದರು. “ಬೇಜಾರ್ ಮಾಡ್ಕಬ್ಯಾಡ್ರಿ ಪಾಲಣ್ಣ. ನೋಡ್ತೀರಲ್ಲ, ಸೈಕಲ್ ನಿಲ್ಸಾಕೂ ಜಾಗಿಲ್ಲ. ಕುಂತ್ಕಳ್ರಿ, ಊಟ ಮಾಡ್ಕಂಡು ಹೋಗ್ರಿ. ಗಾಡಿ ವಿಷ್ಯ ಮಾತ್ರ ಇವತ್ತು ಕೇಳಬ್ಯಾಡ್ರಿ.” ಆಮೇಲೆ ಪಾಲಣ್ಣನ ಮುಖ ನೋಡಲಾರದೆ, “ಅಲ್ರೀ, ಐಮಂಗಲದ ಹತ್ರ ನಿಮ್ಮ ಹಟ್ಟಿನೇ ಐತಲ್ಲ. ಸ್ವಂತ ಜನ ಬಿಟ್ಟು ಊರೂರು ಅಲೀತೀರಲ್ಲ,” ಎಂದವರು, ಲಾರಿಯ ಕಡೆ ಒಮ್ಮೆ ನೋಡಿ ನಾಲಿಗೆ ಕಚ್ಚಿಕೊಂಡರು. ಆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿಲ್ಲದ ವಿಷಯವಲ್ಲ ಅದು.

ಕಾಡುಗೊಲ್ಲರ ಹಟ್ಟಿಯೊಳಕ್ಕೆ ಕೋಳಿ ಬರುವಂತಿಲ್ಲ. ಸಾಕುವುದು ತಿನ್ನುವುದು ಅತ್ತಲಾಗಿರಲಿ, ಪಕ್ಕದೂರಿನ ಪುಕ್ಕ ಗಾಳಿಗೆ ಬಂದು ಬೇಲಿಗೆ ಸಿಕ್ಕಿಕೊಂಡರೂ ಕೋಲಿನಿಂದ ಎತ್ತಿ ಆಚೆ ಎಸೆಯುವ ಜನ. ಹಟ್ಟಿಯೊಳಗೆ ಹುಂಜ ಕೂಗಿದರೆ ದೇವರು ಎದ್ದು ಹೋಗುತ್ತದೆ. ದೊಡ್ಡತಿಮ್ಮಪ್ಪ ಎಂಬವನು ಹಿಂದೆ ಯಾರಿಗೋ ಕೊಡಲು ಸಂತೆಯಿಂದ ತಂದ ಕೋಳಿಯನ್ನು ಚೀಲದಲ್ಲಿ ಮುಚ್ಚಿಕೊಂಡು, ಸುತ್ತಿ ಹೋಗುವುದಕ್ಕೆ ಬೇಸರಪಟ್ಟು, ಹಟ್ಟಿಯ ನಡುವೆಯೇ ಹಾದು ಹೋಗುವಾಗ ಅದು ಕೂಗಿಬಿಟ್ಟಿತು. ಅವನಿಗೆ ಬೆಂಕಿ ನೀರು ಕೊಡಕೂಡದು ಎಂದು ತೀರ್ಮಾನವಾಯಿತು. ತೀರ್ಮಾನ ಹೇಳಿದವರು ದೇವರ ಪೂಜಾರಿ ಚಿತ್ತಯ್ಯ, ಪಾಲಣ್ಣನ ಅಪ್ಪನ ಅಣ್ಣ. ದೊಡ್ಡತಿಮ್ಮಪ್ಪ ಬೇಲಿಯಾಚೆ ಗುಡಿಸಲು ಕಟ್ಟಿಕೊಂಡು, ಒಳಗೆ ಆಡುವವರ ಮಾತು ಕೇಳಿಸಿಕೊಳ್ಳುತ್ತ ಕೂತಿರುತ್ತಿದ್ದ, ಸಾಯುವ ತನಕ. ಪಾಲಣ್ಣ ಮೊದಲ ಸಲ ಕೋಳಿ ತಿಂದದ್ದು ಇದೇ ಲಾಲ್ ಸಾಬರ ಹೋಟೆಲ್ಲಿನಲ್ಲಿ, ಲಾರಿ ಹತ್ತಿದ ಹೊಸದರಲ್ಲಿ. ತಿಂದು ರಾತ್ರಿಯೆಲ್ಲ ಏನಾದರೂ ಆಗುತ್ತದೆಂದು ಕಾದ. ಏನೂ ಆಗಲಿಲ್ಲ. ಆಗಲಿಲ್ಲವಲ್ಲ ಎಂಬುದೇ ಅವನನ್ನು ಹೆದರಿಸಿತ್ತು. ಅಂದಿನಿಂದ ಹಟ್ಟಿಗೆ ಹೋಗುವಾಗೆಲ್ಲ ದಾರಿಯ ಬಾವಿಯಲ್ಲಿ ತಲೆ ನೆನೆಸಿಕೊಂಡೇ ಹೋಗುತ್ತಿದ್ದ. ಶಿವಕುಮಾರಪ್ಪನವರು ಕೋಳಿಯ ಗುತ್ತಿಗೆ ಹಿಡಿದ ಮೇಲೆ ಹಟ್ಟಿಯಲ್ಲಿ ಕೇಳಿದವರಿಗೆ ಈರುಳ್ಳಿ ಲೋಡು ಎಂದು ಹೇಳಿದ್ದ. ಅವರು ನಂಬಿದ್ದರು, ನಂಬುವುದು ಅವರ ಅಭ್ಯಾಸವಾಗಿತ್ತು.

ಹೊರಟಾಗ ಕತ್ತಲು ಇಳಿಯುತ್ತಿತ್ತು. ಮುಂದೆ ಹೋಗುವ ಲಾರಿಯ ಕೆಂಪು ದೀಪ ನೋಡಿಕೊಂಡು ಅದರ ಬಾಲ ಹಿಡಿದು ಹೋದರೆ ದುರ್ಗ ಮುಟ್ಟಬಹುದು ಎಂದು ಒಂದಷ್ಟು ದೂರ ಹೋದ. ಅಪ್ಪನ ಹಿಂದೆ ಕುರಿ ಹೊಡೆದುಕೊಂಡು ಹೊಳಲ್ಕೆರೆ ಸೀಮೆಗೆ ಹೋದಾಗ ಸಂಜೆ ಹೀಗಿರಲಿಲ್ಲ. ಸಂಜೆಯಾಗುವುದನ್ನೇ ಕಾದುಕೊಂಡು ರೈತರು ದಾರಿಗೆ ಬಂದು ನಿಂತಿರುತ್ತಿದ್ದರು. ಇವತ್ತು ನಮ್ಮ ಹೊಲದಾಗೆ ಮಂದೆ ಮಲಗಿಸ್ರಿ, ಇಲ್ಲ ನಮ್ಮ ಹೊಲಕ್ಕೆ ಬರ್ರಿ ಎಂದು ಅಪ್ಪನ ಕಂಬಳಿ ಹಿಡಿದು ಎಳೆಯುವರು, ಅಕ್ಕಿ ಬೇಳೆ ಕೊಡುವರು, ಎಲೆ ಅಡಿಕೆ ಕೊಡುವರು. ಒಂದು ರಾತ್ರಿಯ ಹಿಕ್ಕೆ ಗಂಜಲಕ್ಕೆ ಅಷ್ಟು ಬೆಲೆ. ಅಪ್ಪ ಗತ್ತಿನಿಂದ ಮಣ್ಣು ಮುಟ್ಟಿ ನೋಡಿ, ಗಾಳಿ ಯಾವ ಕಡೆಯದು ನೋಡಿ, ಇಲ್ಲಿ ಆಗಲ್ಲ ಎನ್ನುವನು. ಬೇಡ ಎನ್ನುವ ಹಕ್ಕು ಆಗ ಮಲಗುವವನದಾಗಿತ್ತು. ಕುರಿ ಬಿಟ್ಟು ಹೋದ ಹೊಲಕ್ಕೆ ರೈತ ಕೈಮುಗಿಯುತ್ತಿದ್ದ. ತಾನು ಬಿಟ್ಟು ಹೋದ ಜಾಗವನ್ನು ಗುಡಿಸುತ್ತಾರೆ. ತಿರುವಿನಲ್ಲಿ ಕೆಂಪು ದೀಪ ಸಟ್ಟನೆ ಮಾಯವಾಗಿ ಎದುರಿಗೆ ಎತ್ತಿನ ಗಾಡಿಯೊಂದು ಎದ್ದು ನಿಂತಿತು. ಬ್ರೇಕು ತುಳಿದ ರಭಸಕ್ಕೆ ಹಿಂದೆ ಪಂಜರಗಳೆಲ್ಲ ಮುಂದಕ್ಕೆ ಜಾರಿ, ಹುಂಜಗಳ ಕಿರುಚಾಟ ಎದ್ದಿತು. ಎತ್ತಿನ ಕೊಂಬಿಗೂ ರೇಡಿಯೇಟರಿಗೂ ಮೊಳದಷ್ಟೂ ಅಂತರವಿರಲಿಲ್ಲ. ಗಾಡಿಯವನು ನಿದ್ದೆಯಿಂದ ಏಳಲಿಲ್ಲ, ಎತ್ತುಗಳೇ ಪಕ್ಕಕ್ಕೆ ಸರಿದುಕೊಂಡು ಹೋದವು. ಎಡಕ್ಕೆ ಮಣ್ಣಿನ ದಾರಿ ಒಡೆದಿತ್ತು. ಆ ದಾರಿ ಹಟ್ಟಿಗೆ ಹೋಗುತ್ತದೆಂದು ಗೊತ್ತಿದ್ದೂ, ಗೊತ್ತಿಲ್ಲದವನ ಹಾಗೆ ಪಾಲಣ್ಣ ಲಾರಿಯನ್ನು ಅತ್ತ ತಿರುಗಿಸಿದ.

ಒಳಗೆ ಹೋಗುವ ಯೋಚನೆ ಖಂಡಿತ ಇರಲಿಲ್ಲ. ಬೇಲಿಯಿಂದ ದೂರ, ಹುಣಸೆಮರದ ಕೆಳಗೆ ನಿಲ್ಲಿಸುವುದು, ಒಬ್ಬನೇ ಎಚ್ಚರವಾಗಿ ಕೂರುವುದು. ಮರದ ಕೆಳಗೆ ಗರಿ ಹೊದಿಸಿದ ಸಣ್ಣ ಗುಡಿಸಲಿತ್ತು. ಹೊರಗಾದ ಹೆಂಗಸರು ಹಟ್ಟಿಯಿಂದ ಬಂದು ಇರುವ ಜಾಗ. ಅದರ ಮುಂದೆ ಒಲೆಯ ಕೆಂಡ ಕಾಣುತ್ತಿತ್ತು. ಕೆಂಡದ ಹಿಂದಿನಿಂದ ಎದ್ದು ಬಂದವಳು ಅವನ ಹೆಂಡತಿ ಜಯಕ್ಕ. ಅವಳು ನಿನ್ನೆಯಷ್ಟೇ ಹೊರಗಾಗಿದ್ದಳು, ಇನ್ನೂ ಎರಡು ದಿನ ಇಲ್ಲೇ. ತಿಂಗಳ ಮೇಲೆ ನೋಡಿದ ಗಂಡನನ್ನು ಏನೂ ಕೇಳದೆ ಅವಳು ಲಾರಿಯ ಸುತ್ತ ಒಂದು ಸುತ್ತು ಬಂದಳು. ಮುಟ್ಟಲಿಲ್ಲ. “ಇದು ಈರುಳ್ಳಿ ಅಲ್ಲ,” ಎಂದಳು. ಪಾಲಣ್ಣ ಟಾರ್ಪಾಲಿನ ಹಗ್ಗ ಎಳೆದು ನೋಡಿದ. “ನಂಗೆ ಮುಂಚೆನೇ ಗೊತ್ತು. ನಿಮ್ಮ ಅಂಗಿ ಒಗೆಯೋಳು ನಾನಲ್ವೇನು.” ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆಕ್ಷೇಪಣೆ ಇದ್ದಿದ್ದರೆ ಅವನು ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ದೀಪದ ವಿಷಯ, ಬಂಕಿನ ವಿಷಯ, ಲಾಲ್ ಸಾಬರ ಶಾಮಿಯಾನದ ವಿಷಯ ಎಲ್ಲ ಹೇಳಿದ, ಅಡುಗೆಯವನಿಗೆ ಹಗ್ಗ ಎತ್ತಿ ಹಿಡಿದದ್ದೊಂದನ್ನು ಬಿಟ್ಟು. “ಇಲ್ಲೇ ನಿಲ್ಸ್ರಿ ಮತ್ತೆ,” ಎಂದಳು ಜಯಕ್ಕ. “ಹೊದಿಕೆ ತೆಗೆದು ಗಾಳಿಯಾಡಾಕೆ ಬಿಡ್ರಿ. ನೀವು ಮಲಗ್ರಿ, ನಾನು ಕುಂತಿರ್ತೀನಿ. ಹೆಂಗೂ ಇಲ್ಲಿ ನಿದ್ದೆ ಬರಲ್ಲ ನಂಗೆ. ಯಾವನಾರ ಬಂದ್ರೆ ಕೂಗ್ತೀನಿ.” ಇಡೀ ದಿನದಲ್ಲಿ ಕೇಳಿದ ಸರಿಯಾದ ಮಾತು ಅದೊಂದೇ. ಪಾಲಣ್ಣನಿಗೆ ಅವಳ ಪಕ್ಕ ನೆಲದ ಮೇಲೆ ಕೂತುಬಿಡಬೇಕು ಅನ್ನಿಸಿತು. ಆದರೆ ಅವಳ ಹತ್ತಿರ ಕೂರುವಂತಿರಲಿಲ್ಲ. ಅವನು ನಿಂತೇ ಇದ್ದ.

ಆಗ ಬೇಲಿಯ ಕಡೆಯಿಂದ ಲಾಟೀನು ಬಂತು, ಅದರ ಹಿಂದೆ ಬೊಗಳುತ್ತ ನಾಯಿ, ನಾಯಿಯ ಹಿಂದೆ ಚಿತ್ತಯ್ಯ. ಜಯಕ್ಕ ಗುಡಿಸಲಿನೊಳಕ್ಕೆ ಸರಿದಳು. ಪಾಲಣ್ಣ ಗಡಬಡಿಸಿ ಟಾರ್ಪಾಲನ್ನು ಎರಡೂ ಪಕ್ಕ ಕೆಳಕ್ಕೆಳೆದು ಹಗ್ಗ ಬಿಗಿದ. ಕತ್ತಲಾದರೆ ಹುಂಜಗಳು ಸುಮ್ಮನಾಗುತ್ತವೆ, ಆದವು. “ಯಾರದು, ಪಾಲನಾ? ಇಲ್ಯಾಕಪ್ಪ ನಿಂತಿದ್ದಿ, ಅನ್ಯರ ಹಂಗೆ?” ಚಿತ್ತಯ್ಯ ಲಾಟೀನು ಎತ್ತಿ ಅವನ ಮುಖಕ್ಕೆ ಹಿಡಿದರು. ಹೋದ ತಿಂಗಳ ಕಳವಿನ ಸುದ್ದಿ ಜಯಕ್ಕನಿಂದ ಅವರಿಗೆ ಗೊತ್ತಿತ್ತು. “ಮೊನ್ನೆ ತಾನೇ ಕಳಕಂಡಿದ್ದಿ, ಮತ್ತೆ ಬಯಲಾಗೆ ನಿಲ್ಸಿದ್ದಿ. ಬುದ್ಧಿ ಬ್ಯಾಡವೇನಲೇ. ಕುರಿ ಎಲ್ಲ ಹೊಸದುರ್ಗದ ಕಡೆ ಹೋಗ್ಯಾವೆ, ರೊಪ್ಪ ಖಾಲಿ ಐತೆ. ಒಳಗೆ ತಗಂಬಾ. ಸುತ್ತ ಆಳುದ್ದ ಮುಳ್ಳು, ಬಾಯಿಗೆ ನಾನೇ ಅಡ್ಡ ಮಲಗ್ತೀನಿ. ಯಾವ ಕಳ್ಳ ಬತ್ತಾನೋ ನೋಡಾಣ.” ಬೇಡ ದೊಡ್ಡಪ್ಪ, ಎನ್ನಬೇಕಾಗಿತ್ತು. ಯಾಕೆ ಬೇಡ ಎಂದರೆ ಒಂದು ನೆವ ಹೇಳಬೇಕಾಗಿತ್ತು; ಲಾರಿ ದೊಡ್ಡದು, ಬೆಳಿಗ್ಗೆ ಬೇಗ ಹೋಗಬೇಕು, ಏನೋ ಒಂದು. ನೆವಗಳಿಗೆ ಬರವಿರಲಿಲ್ಲ. ಆದರೆ ಒಳಗೆ ಬಾ ಎಂಬ ಮಾತು ಅವನ ಮೈಯೊಳಗೆ ಎಲ್ಲಿಗೋ ಇಳಿದು ಹೋಗಿತ್ತು. ಸಂಜೆಯಿಂದ ಆ ಮಾತನ್ನು ಯಾರೂ ಆಡಿರಲಿಲ್ಲ. ನಿಜ ಹೇಳಬೇಕೆಂದರೆ ವರ್ಷಗಳಿಂದ ಯಾರೂ ಆಡಿರಲಿಲ್ಲ. ಅಪ್ಪನ ಕಂಬಳಿ ಹಿಡಿದು ಎಳೆಯುತ್ತಿದ್ದ ರೈತರ ಹಾಗೆ ಒಬ್ಬರು ಬಂದು ತನ್ನನ್ನು ಕರೆಯುತ್ತಿದ್ದಾರೆ. ಪಾಲಣ್ಣನ ಬಾಯಿಂದ ‘ಹೂ’ ಎಂಬುದೊಂದೇ ಹೊರಟಿತು. ಅವನು ಸೀಟು ಹತ್ತುವಾಗ ಗುಡಿಸಲಿನೊಳಗೆ ಬಳೆಯ ಸದ್ದಾಯಿತು. ಅತ್ತ ನೋಡಲಿಲ್ಲ.

ಹೀಗೆ ಹೆಂಡತಿ ಬೇಲಿಯ ಆಚೆ ಉಳಿದಳು, ಹುಂಜಗಳು ಒಳಗೆ ಬಂದವು. ಈ ವಿಚಾರದಲ್ಲಿ ಒಂದು ನಗೆ ಇದೆಯೆಂದು ಪಾಲಣ್ಣನಿಗೂ ಹೊಳೆಯಿತು, ಆದರೆ ನಗುವುದಕ್ಕೆ ಹೊಟ್ಟೆಯೊಳಗೆ ಜಾಗವಿರಲಿಲ್ಲ. ಚಿತ್ತಯ್ಯ ಮುಳ್ಳಿನ ಹೊರೆ ಎಳೆದು ರೊಪ್ಪದ ಬಾಯಿ ಮುಚ್ಚಿದರು. ಒಳಗೆ ಒಣಗಿದ ಕುರಿ ಹಿಕ್ಕೆಯ ಮೇಲೆ ಟಯರು ಸದ್ದಿಲ್ಲದೆ ಹೂತುಕೊಂಡವು. ಕುರಿಯ ವಾಸನೆ ದಟ್ಟವಾಗಿತ್ತು, ಅದು ಉಳಿದ ವಾಸನೆಯನ್ನು ಮುಚ್ಚುತ್ತದೆಂದು ಅವನು ಸಮಾಧಾನ ತಂದುಕೊಂಡ. ನಾಯಿ ಮಾತ್ರ ಲಾರಿಯ ಕಡೆಗೇ ಮೂಗು ಚಾಚಿ ಬೊಗಳುತ್ತಿತ್ತು. ಚಿತ್ತಯ್ಯ ಲಾರಿಯ ಪಕ್ಕ ಒಂದು ಗಳಿಗೆ ನಿಂತರು, ಆಮೇಲೆ ನಾಯಿಯನ್ನು ಬೈದು ದೂರ ಅಟ್ಟಿದರು. ಲೋಡಿನ ಬಗ್ಗೆ ಏನೂ ಕೇಳಲಿಲ್ಲ. ಅವರು ಅಂಬಲಿ ತರಲು ಹೋದಾಗ ಪಾಲಣ್ಣ ಓಡಿಹೋಗಿ, ಬೇಲಿಗೆ ಮುಖ ಮಾಡಿದ್ದ ಹಿಂಬದಿಯಲ್ಲಿ ಟಾರ್ಪಾಲಿನ ಅಂಚನ್ನು ಮೇಲೆ ಮಡಚಿ ತೋಳಗಲದ ಸಂದು ಮಾಡಿ ಬಂದ. ಕೋಳಿಗೆ ಮೊದಲು ಗಾಳಿ, ಆಮೇಲೆ ನೀರು, ಆಮೇಲೆ ಮೇವು ಎಂದು ಶಿವಕುಮಾರಪ್ಪನವರು ಹೇಳಿಕೊಟ್ಟಿದ್ದರು. ಎರಡು ಪಕ್ಕವೂ ತೆರೆದಿರಬೇಕು. ಎಲ್ಲರೂ ಮಲಗಿದ ಮೇಲೆ ಪಕ್ಕಗಳನ್ನೂ ಬಿಚ್ಚುವುದು, ನಸುಕಿಗೆ ಮುಂಚೆ, ಹುಂಜ ಕೂಗುವ ಹೊತ್ತಿಗೆ ಮುಂಚೆ, ರೇಡಿಯೇಟರಿಗೆ ನೀರು ಹೊಯ್ದುಕೊಂಡು ಬರುತ್ತೇನೆಂದು ಹೇಳಿ ಲಾರಿ ಆಚೆ ಒಯ್ಯುವುದು. ಇದು ಅವನ ಯೋಜನೆ. ಅಷ್ಟು ಹೊತ್ತು ಹಿಂದಿನ ಸಂದು ಸಾಕು.

ಆದರೆ ಚಿತ್ತಯ್ಯ ಮಲಗಲಿಲ್ಲ. ಬಾಯಿಗೆ ಅಡ್ಡ ಮಲಗುತ್ತೇನೆ ಎಂದಿದ್ದವರು ಕಂಬಳಿ ಹೊದ್ದು ಲಾರಿಯ ಮುಂದಿನ ಟಯರಿಗೇ ಒರಗಿ ಕೂತರು, ಬೀಡಿ ಹಚ್ಚಿದರು, ಕುರಿಯ ಮಾತು, ಮಳೆಯ ಮಾತು, ಸತ್ತ ತಮ್ಮನ ಮಾತು ಆಡಿದರು. ದನಿಯನ್ನು ತಗ್ಗಿಸಿಯೇ ಆಡಿದರು. ದೊಡ್ಡತಿಮ್ಮಪ್ಪನ ಮಾತೂ ಬಂತು. “ಅವ್ನು ಒಳ್ಳೇನೇ ಕಣಪ್ಪ. ನಾನು ಅಷ್ಟು ಮಾಡಬಾರ್ದಿತ್ತು. ಆದ್ರೆ ಅದು ಕೂಗಿದ್ದು ಎಲ್ರಿಗೂ ಕೇಳಿಸಿತ್ತು. ಕೇಳಿಸಿದ ಮ್ಯಾಲೆ ಪೂಜಾರಿ ಕಿವಿ ಮುಚ್ಕಂಡ್ರೆ ನಡೀತೈತಾ?” ಪಾಲಣ್ಣನ ಬೆನ್ನಲ್ಲಿ ಬೆವರು ಇಳಿಯಿತು. ಗಾಳಿ ಬಿದ್ದುಹೋಗಿತ್ತು. ಜೋಗಿಮಟ್ಟಿ ಕಡೆಯಿಂದ ರಾತ್ರಿ ತಣ್ಣನೆ ಗಾಳಿ ಬರುತ್ತದೆ, ಇವತ್ತು ಅದೂ ಬರಲಿಲ್ಲ. ಟಾರ್ಪಾಲಿನೊಳಗೆ ಮೈಗಳು ಒಂದಕ್ಕೊಂದು ಉಜ್ಜುವ ಸದ್ದು, ಆಗಾಗ ಕೊಕ್ ಎಂಬ ಗುಟುಕು. ಅದು ಕೇಳಿದಾಗೆಲ್ಲ ಅವನು ಕೆಮ್ಮುವನು. ಅವನು ಕೆಮ್ಮಿದಾಗೆಲ್ಲ ಚಿತ್ತಯ್ಯನವರೂ ಕೆಮ್ಮುವರು. ಒಂದೇ ಮಾತು ಸಾಕಾಗಿತ್ತು. ದೊಡ್ಡಪ್ಪ, ಇದರೊಳಗೆ ಕೋಳಿ ಅವೆ. ಆ ಮಾತನ್ನು ಅವನು ಬಾಯೊಳಗೆ ಪೂರ್ತಿ ಕಟ್ಟಿದ. “ದೊಡ್ಡಪ್ಪ,” ಎಂದ. “ಏನಪ್ಪ?” ಎಂದರು ಅವರು, ಅದಕ್ಕಾಗಿಯೇ ಕಾದಿದ್ದವರಂತೆ. “ಬೆಂಕಿಪಟ್ಣ ಐತಾ?” ಮತ್ತೊಮ್ಮೆ ದೊಡ್ಡಪ್ಪ ಎಂದಾಗ ಅವರ ಮಂಡಿನೋವಿನ ವಿಷಯ ಕೇಳಿದ. ಪ್ರತಿ ಸಲವೂ ಅವನಿಗೆ ಕಾಣುತ್ತಿದ್ದದ್ದು ಶಿವಕುಮಾರಪ್ಪನವರ ಮೂಗಲ್ಲ, ದೇವರ ಕೋಪವೂ ಅಲ್ಲ. ಹೇಳಿದ ಕೂಡಲೇ ಈ ಮುದುಕನ ಮುಖ ತನ್ನ ಕಡೆಯಿಂದ ಆಚೆ ತಿರುಗುವುದು. ಅದೊಂದನ್ನು ನೋಡಲಾರೆ ಎಂದುಕೊಂಡ. ಹಿಂದೆ ಸಂದು ಇದೆ, ಸಾಯುವುದಿಲ್ಲ ಎಂದುಕೊಂಡ. ಹೇಡಿಗಳಿಗೆ ಎಲ್ಲೋ ಒಂದು ಸಂದು ಇದ್ದೇ ಇರುತ್ತದೆ ಎಂದೂ ಅನ್ನಿಸಿ ತನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆ ಪಡುತ್ತಲೇ, ಇಡೀ ದಿನದ ದಣಿವಿಗೆ, ಅವನು ನಿದ್ದೆ ಹೋದ.

ಎಚ್ಚರವಾದದ್ದು ಬೆಳಕಿಗೆ. ಮಸುಕು ಬೆಳಕಲ್ಲ, ಬೇಲಿಯ ಒಂದೊಂದು ಮುಳ್ಳೂ ಕಾಣುವಷ್ಟು ಬೆಳಕು. ದಡಕ್ಕನೆ ಎದ್ದು ಕೂತ. ಹಟ್ಟಿಯೊಳಗೆ ಯಾರೋ ಅಂಗಳಕ್ಕೆ ನೀರು ಹಾಕುತ್ತಿದ್ದರು, ಎಲ್ಲ ಎಂದಿನಂತಿತ್ತು. ಯಾರೂ ಗುಂಪು ಕೂಡಿರಲಿಲ್ಲ. ಕೂಗಿಲ್ಲ! ಆ ಒಂದು ಗಳಿಗೆ ಅವನಿಗೆ ಆದ ಸಂತೋಷ ಬದುಕಿನಲ್ಲಿ ಎಂದೂ ಆಗಿರಲಿಲ್ಲ. ಮದುವೆಯಲ್ಲಿ ಆಗಿರಲಿಲ್ಲ, ಲೈಸೆನ್ಸು ಸಿಕ್ಕಾಗ ಆಗಿರಲಿಲ್ಲ. ಅಷ್ಟರಲ್ಲಿ ಹೊಲಗಳಾಚೆ ಯಾವುದೋ ಊರಿನಿಂದ ಒಂದು ಹುಂಜ ಕೂಗಿದ್ದು ತೇಲಿ ಬಂತು. ಅದಕ್ಕೆ ಇನ್ನೊಂದು ಊರಿನ ಹುಂಜ ಓಗೊಟ್ಟಿತು. ಪಾಲಣ್ಣ ಉಸಿರು ಬಿಗಿಹಿಡಿದು ಲಾರಿಯ ಕಡೆ ಕಿವಿಯಿಟ್ಟ. ರಾತ್ರಿಯೆಲ್ಲ ಯಾವುದಕ್ಕೆ ಹೆದರಿದ್ದನೋ ಅದನ್ನೇ ಈಗ ಬೇಡುತ್ತಿದ್ದ. ಒಂದಾದರೂ ಕೂಗಲಿ. ಹಟ್ಟಿ ಕೇಳಲಿ, ದೇವರು ಕೇಳಲಿ, ಒಂದು ಕೂಗಲಿ. ಮೈ ಉಜ್ಜುವ ಸದ್ದೂ ಇರಲಿಲ್ಲ, ಕೊಕ್ ಎಂಬ ಗುಟುಕೂ ಇರಲಿಲ್ಲ.

ಚಿತ್ತಯ್ಯ ಲಾರಿಯ ಹಿಂದಿನಿಂದ ಬಂದರು. ಮೈಮೇಲೆ ಕಂಬಳಿ ಇರಲಿಲ್ಲ, ನರೆತ ಎದೆಗೂದಲು ಬೆವರಿಗೆ ಅಂಟಿತ್ತು. ಮುಖ ಮಾತ್ರ ಪರೀಕ್ಷೆ ಪಾಸಾದವರ ಮುಖದ ಹಾಗೆ ಅರಳಿತ್ತು. ಆಚೆ ಈಚೆ ನೋಡಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿ ತಂದು, “ಕೂಗಲಿಲ್ಲ ಕಣಪ್ಪ,” ಎಂದರು. “ನೀನು ಒಳಗೆ ತಂದ ಮ್ಯಾಲೆ ಗೊತ್ತಾತು. ನಾಯಿ ಸುಮ್ನೆ ಬೊಗಳ್ತೈತಾ? ಆಚೆ ತಗಂಡು ಹೋಗು ಅಂದ್ರೆ ಯಾಕೆ ಏನು ಅಂತ ಹಟ್ಟಿಗೆ ಹಟ್ಟಿನೇ ಏಳ್ತಿತ್ತು. ಬಯಲಾಗೆ ನಿಂತ್ರೆ ಕಳ್ಳರು, ನಿನ್ ಅನ್ನ ಹೋಗ್ತಿತ್ತು. ಒಬ್ಬನ್ನ ಆಚೆ ಹಾಕಿದ್ದೇ ಸಾಕು ನಂಗೆ. ಕೂಗದಿದ್ರೆ ಏನೂ ಆಗಿಲ್ಲ ಅಂತ್ಲೇ ಲೆಕ್ಕ. ಜೀವ ಕೈಯಾಗಿಡ್ಕಂಡು ಕುಂತಿದ್ದೆ ಬೆಳಗಾಗೋ ಗಂಟ.” ಅವರ ದನಿಯಲ್ಲಿ ಒಂದು ತುಂಟತನವಿತ್ತು. “ನೀನು ಹಿಂದುಗಡೆ ಮುಚ್ಚೋದು ಮರೆತಿದ್ದೆ ನೋಡು. ಅಷ್ಟಗಲ ಸಂದು. ನೀನು ಮಲಗಿದ್ದೇ ತಡ, ಬೆಳಕು ಬಿದ್ರೆ ಕೂಗ್ತಾವೆ ಅಂತ ನನ್ ಕಂಬಳಿ ಎರಡು ಮಡಿಕೆ ಮಾಡಿ ಬಿಗಿಯಾಗಿ ಸಿಗಿಸಿದೆ. ಅವು ಕುರಿ ಮರಿ ಇದ್ದಂಗೇ ಕಣೋ. ಬೆಚ್ಚಗೆ ಹೊದಿಸಿದ್ರೆ ಒಂದೂ ಸದ್ದಿಲ್ಲ.”

ಬೈಯಬಹುದಾಗಿತ್ತು, ಅಳಬಹುದಾಗಿತ್ತು, ಕಂಬಳಿ ಕಿತ್ತು ತೋರಿಸಬಹುದಾಗಿತ್ತು. ಕೋಳಿಯ ವಿಷಯ ಏನೂ ತಿಳಿಯದ ಈ ಕೈಗಳಿಗೆ ರಾತ್ರಿ ಒಂದು ಮಾತು ಹೇಳಿದ್ದರೆ ಇದೇ ಕೈಗಳು ಪಕ್ಕದ ಹಗ್ಗವನ್ನೂ ಬಿಚ್ಚಿರುತ್ತಿದ್ದವು. ಪಾಲಣ್ಣ ಮುದುಕನ ಮುಖ ನೋಡಿದ. ಅದು ತನ್ನ ಕಡೆಗೇ ತಿರುಗಿತ್ತು. “ಒಳ್ಳೇದು ಮಾಡಿದ್ರಿ ದೊಡ್ಡಪ್ಪ,” ಎಂದ. ಹೇಳುವಾಗ ಅದು ಸುಳ್ಳು ಅನ್ನಿಸಲಿಲ್ಲ. ಚಿತ್ತಯ್ಯ ಹಿಂದೆ ಹೋಗಿ ಕಂಬಳಿಯನ್ನು ಎಳೆದುಕೊಂಡು ಹೆಗಲ ಮೇಲೆ ಹಾಕಿಕೊಂಡರು. ಉಣ್ಣೆ ಹಸಿಹಸಿಯಾಗಿತ್ತು, ಅದರಿಂದ ಆವಿ ಏಳುತ್ತಿತ್ತು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಎಂಜಿನು ಸ್ಟಾರ್ಟ್ ಮಾಡಿದರೆ ಹಿಂದೆ ಯಾವಾಗಲೂ ಗದ್ದಲ ಏಳುತ್ತದೆ. ಅವನು ಕೀಲಿ ತಿರುಗಿಸಿ, ಆಕ್ಸಿಲರೇಟರನ್ನು ಬೇಕೆಂದೇ ಒತ್ತಿ, ಕಾದ. ಮತ್ತೆ ಒತ್ತಿದ. ಲಾರಿಯ ಮೈ ನಡುಗಿತು, ಪಂಜರದ ಬಿದಿರು ಕಿರುಗುಟ್ಟಿತು, ಅಷ್ಟೆ. ಚಿತ್ತಯ್ಯ ಮುಳ್ಳಿನ ಹೊರೆಯನ್ನು ಪಕ್ಕಕ್ಕೆಳೆದು, ರಿವರ್ಸ್ ಬರುವ ಲಾರಿಗೆ ಕೈ ಬೀಸುತ್ತ ದಾರಿ ತೋರಿಸಿದರು. ಕನ್ನಡಿಯಲ್ಲಿ ಹುಣಸೆಮರದ ಕೆಳಗೆ ಜಯಕ್ಕ ನಿಂತಿದ್ದಳು, ಬಿಗಿದ ಟಾರ್ಪಾಲನ್ನು ಮೇಲಿಂದ ಕೆಳಗಿನ ತನಕ ನೋಡುತ್ತಿದ್ದಳು. ನೋಡಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಲಾರಿ ಹಟ್ಟಿಯ ಹೊರಗೆ ಬಂದು ಮುಖ ತಿರುಗಿಸಿಕೊಂಡಿತು. ಚಿತ್ತಯ್ಯ ಕಿಟಕಿಯ ಹತ್ತಿರ ಓಡಿಬಂದು ಬಾಗಿಲಿನ ಮೇಲೆ ಕೈಯಿಟ್ಟರು.

“ಹಳ್ಳ ದಾಟೋ ಗಂಟ ಮೆಲ್ಲಕೆ ಹೋಗಪ್ಪ,” ಎಂದರು, ಎಂಜಿನಿನ ಸದ್ದಿನಲ್ಲೂ ಪಿಸುಗುಟ್ಟುತ್ತ. “ಎಚ್ಚರಾಗಿಬಿಟ್ಟಾವು.”